ನನ್ನ ಕಾಲಿನ ಮೇಲೆ ಬಂದ ದೂರು

ಬೆಳಗ್ಗೆಯಿಂದ ಕೊಟ್ಟಿಗೆ ಕಡೆಯಿಂದ ಪೇಂಟಿನ ವಾಸನೆ ಬರ್ತಿದೆ. ಆಯುಧಪೂಜೆ ಹತ್ತಿರ ಬಂತು ಅಂದರೆ ನಮ್ಮೆಜಮಾನರ ಕೈಗೆ ಬ್ರಶ್ಶು ಬಂತು ಅಂತಲೇ ಲೆಕ್ಕ. ನೇಗಿಲು, ಪಂಪ್‌ಸೆಟ್ಟು, ಗೇಟು, ಕಣ್ಣಿಗೆ ಬಿದ್ದ ಕಬ್ಬಿಣಕ್ಕೆಲ್ಲ ಬಣ್ಣ. ಹತ್ತಿರ ನಿಂತು ಕಾಫಿ ಕುಡಿಯೋಕೂ ಭಯ, ನನಗೂ ಒಂದು ಕೈ ಬಳಿದುಬಿಟ್ಟಾರು. ನಿಮಗಿದು ತಮಾಷೆ. ನನಗೆ ಆ ವಾಸನೆ ಮೂಗಿಗೆ ಬಿದ್ದರೆ ಈಗಲೂ ಮೈ ಉರಿಯುತ್ತೆ.

ನಮ್ಮ ಜೀಪು ಅವರೇ ಕೂಡಿಸಿ ಕಟ್ಟಿದ್ದು. ಬಾಡಿ ಯಾವುದೋ ಹಳೇ ಜೀಪಿಂದು, ಪೆಟ್ರೋಲ್ ಎಂಜಿನ್ನು ಇನ್ಯಾವುದೋ ಕಾರಿಂದು, ಸೀಟು ಸೋಮನಹಳ್ಳೀಲಿ ಹೊಲಿಸಿದ್ದು. ಚಿಕ್ಕರಸಿನಕೆರೆಯಿಂದ ಗೆಜ್ಜಲಗೆರೆ ಫ್ಯಾಕ್ಟರಿಗೆ ಬಸ್ಸಲ್ಲಿ ಜೋತಾಡಿಕೊಂಡು ಹೋಗ್ತಿದ್ದವಳ ಕೈಗೆ ಸ್ಟೀರಿಂಗು ಸಿಕ್ಕಿತ್ತಲ್ಲ, ನನ್ನ ಠೀವಿ ಕೇಳಬೇಡಿ. ಗುರುತಿಲ್ಲದವರಿಗೂ ಹಾರನ್ ಹೊಡೀತಿದ್ದೆ.

ಒಂದು ಆಯುಧಪೂಜೆಗೆ ಜೀಪಿನ ಒಳಗೂ ಹೊರಗೂ ದಪ್ಪಗೆ ಬಣ್ಣ ಬಳಿದು, ಡ್ಯಾಶ್‌ಬೋರ್ಡಿಗೆ ಹೊಸ ಆರ್‌ಪಿಎಂ ಮೀಟರು ಕೂರಿಸಿದರು. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ಅದರ ಮುಳ್ಳು ತೋರಿಸುತ್ತೆ. ಅವತ್ತಿಂದ ಶುರುವಾಯ್ತು ನನ್ನ ಗ್ರಹಚಾರ. ರಜಾ ದಿನ ಹಗಲು ಅವರು ಓಡಿಸಿದರೆ ಮುಳ್ಳು ಸಾಧುವಾಗಿ ಇರೋದು. ಕತ್ತಲಾದ ಮೇಲೆ ಮದ್ದೂರಲ್ಲಿ ಅವರನ್ನ ಹತ್ತಿಸಿಕೊಂಡು ನಾನು ಬರುವಾಗ ಕೆಂಪು ಗೆರೆ ಹತ್ತಿರ ಹೋಗಿ ಕೂರೋದು.

“ಯಾಕಮ್ಮಿ ಹಂಗ್ ತುಳೀತೀಯಾ? ಎಂಜಿನ್ ಕಿತ್ಕೊಂಡೋಯ್ತದೆ!”

“ನಾನು ತುಳೀತಿಲ್ಲ ಕಣ್ರೀ, ಸದ್ದು ಕೇಳಿ.”

“ಸದ್ದೇನ್ ಕೇಳೋದು? ಮುಳ್ಳು ಸುಳ್ಳೇಳ್ತದಾ?”

ಮೀಟರು ಬದಲಾಯಿಸಿದರು, ಎಂಜಿನ್ನಿನ ಇಗ್ನಿಷನ್ ಕಾಯಿಲಿನಿಂದ ಮೀಟರಿಗೆ ಬರುವ ವೈರು ಹೊಸದು ಎಳೆದರು. ಹಗಲು ನೋಡಿದರೆ ಎಲ್ಲ ಸರಿ, ಸಂಜೆ ನಾನು ಕೂತರೆ ಅದೇ ಕತೆ. ಹಾಗಾದರೆ ಕೆಟ್ಟಿರೋದು ನನ್ನ ಕಾಲು ಅಂತ ತೀರ್ಮಾನಿಸಿ ಕೀ ಕಿತ್ಕೊಂಡರು. ನಾನು ಮತ್ತೆ ಬಸ್ಸಿಗೆ! ನೆಂಟರ ಎದುರಿಗೂ “ನಮ್ಮೋಳ್ ಕಾಲು ಬಲೇ ಭಾರ” ಅಂತ ನಗೋರು. ನಗ್ತಿದ್ದ ನೆಂಟರಲ್ಲಿ ಒಬ್ಬರಿಗಾದರೂ ಸೈಕಲ್ ನೆಟ್ಟಗೆ ಬರ್ತಿತ್ತಾ?

ಒಂದು ಭಾನುವಾರ ಅವರು ಯಾರದೋ ಕಾರಲ್ಲಿ ಮಲವಳ್ಳಿಗೆ ಮದುವೆಗೆ ಹೋಗಿದ್ದರು. ಗೋಡೆ ಮೊಳೆಯಿಂದ ಕೀ ತಗೊಂಡು, ಜೀಪು ನಿಂತಲ್ಲೇ ಸ್ಟಾರ್ಟ್ ಮಾಡಿ, ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ಈಗ ಹೇಳಲಿ ಕಾಲು ಅಂತ! ಒಂದೊಂದೇ ಸ್ವಿಚ್ಚು ಒತ್ತಿದೆ. ಹೆಡ್‌ಲೈಟು ಹಾಕಿದ್ದೇ ತಡ, ಮುಳ್ಳು ಜಿಗೀತು. ಎಂಜಿನ್ ಸದ್ದು ಹಾಗೇ ಇದೆ! ಲೈಟು ಆರಿಸಿದೆ, ಇಳೀತು. ಫ್ಯಾಕ್ಟರೀಲಿ ದಿನಾ ಅರ್ತಿಂಗು ಅರ್ತಿಂಗು ಅಂತ ಕೇಳಿದ ಕಿವಿ ನಂದು. ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದೆ. ಮೀಟರಿಗೂ ಹೆಡ್‌ಲೈಟಿನ ಜೊತೆ ಹತ್ತಿಕೊಳ್ಳೋ ಅದರೊಳಗಿನ ಬಲ್ಬಿಗೂ ಸೇರಿ ಒಂದೇ ಅರ್ತು ವೈರು. ಅದನ್ನ ಬೋಲ್ಟು ಮಾಡಿರೋದು ಕಬ್ಬಿಣಕ್ಕಲ್ಲ, ಅವರು ಬಳಿದ ಬಣ್ಣದ ಮೇಲೆ. ಅಷ್ಟು ದಪ್ಪ ಬಣ್ಣ ದಾಟಿ ಕರೆಂಟು ಸರಿಯಾಗಿ ಹೋಗುತ್ತಾ? ಬ್ಯಾಟರಿಯ ಮೈನಸ್ಸಿನಿಂದ ಅದಕ್ಕೆ ಒಂದು ತುಂಡು ವೈರು ಕೊಟ್ಟೆ. ಲೈಟು ಉರೀತಿದ್ದರೂ ಮುಳ್ಳು ಅಲ್ಲಾಡಲಿಲ್ಲ.

ಅವರು ಬಂದ ಮೇಲೆ ಎಲ್ಲ ತೋರಿಸಿದೆ. ಬಣ್ಣ ಕೆರೆದು ಬೋಲ್ಟು ಬಿಗಿದರು. ಆಮೇಲೆ ಮೀಟರಿನ ತಲೆ ಸವರಿ, “ಪಾಪ, ಹಳೇ ಮೀಟ್ರೂ ಒಳ್ಳೇದೇ ಇತ್ತು ಕಣಮ್ಮಿ. ಸುಮ್ಕೆ ಬದಲಾಯಿಸ್ಬುಟ್ಟೆ ಅದ್ನ” ಅಂದರು.

ಮೀಟರಿಗೆ ಪಾಪ! ಬಸ್ಸಲ್ಲಿ ಜೋತಾಡಿದ್ದು ಮೀಟರಾ? ಅವತ್ತು ನನಗೆ ಬಂದ ಸಿಟ್ಟು ಯಾವ ಮುಳ್ಳೂ ತೋರಿಸ್ತಿರಲಿಲ್ಲ. ಕೀ ಎಳೆದು ಸೆರಗಿಗೆ ಕಟ್ಟಿಕೊಂಡೆ.

ಈಗ ಕೊಟ್ಟಿಗೆಯಿಂದ ಕೂಗ್ತಿದ್ದಾರೆ: “ಅಮ್ಮೀ, ಕೀ ಕೊಡು, ಮದ್ದೂರಿಗೋಗಿ ಬೂದುಗುಂಬಳಕಾಯಿ ತತ್ತೀನಿ.”

“ಕೈ ತೊಳ್ಕೊಂಡು ಪಕ್ಕದ ಸೀಟಲ್ಲಿ ಕೂತ್ಕೊಳಿ, ಬಂದೆ.”

ತಪ್ಪಾಯ್ತು ಅನ್ನೋ ಮಾತು ಅವರ ಬಾಯಿಗೆ ಇನ್ನೂ ಬಂದಿಲ್ಲ. ಬರೋವರೆಗೆ ಅವರು ಡ್ರೈವರ್ ಸೀಟಿಗೆ ಬರೋ ಹಾಗಿಲ್ಲ.