ಸಾಮಾನು ಬೋಗಿಯ ಡೆಲ್ಫೀನ್

ದಿ ಪಾಸ್ ಪಟ್ಟಣದ ರೈಲು ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಮಾನು ಬೋಗಿಯ ಬಾಗಿಲಲ್ಲಿ ನಿಂತ ಡೆಲ್ಫೀನ್ ಕಾಸ್ಟೆಲ್, ಕೆಳಗಿನಿಂದ ಬಂದ ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿ ಎತ್ತುತ್ತಾ ಮುಖ ಸಿಂಡರಿಸುತ್ತಾರೆ.

"ಏನೇ ಇದು, ಗಂಡನ್ನೇ ಮಡಚಿ ಇಟ್ಕೊಂಡು ಬಂದಿದ್ದೀಯಾ?"

ಕೆಳಗೆ ನಿಂತ ಯುವ ತಾಯಿಯೊಬ್ಬಳ ಸೊಂಟದ ಮೇಲೊಂದು ಮಗು, ಕೋಟು ಹಿಡಿದು ಜಗ್ಗುತ್ತಿರುವ ಇನ್ನೆರಡು. ಆದರೂ ಅವಳು ನಗುತ್ತಾಳೆ. "ಅವನು ಇಷ್ಟು ಹಗುರ ಎಲ್ಲಿದ್ದಾನೆ ಕೋಕುಮ್? ಬರೀ ಆಲೂಗಡ್ಡೆ, ಹಿಟ್ಟು."

ಕೋಕುಮ್ ಎಂದರೆ ಇಲ್ಲಿನ ಮೂಲನಿವಾಸಿಗಳಾದ ನಮ್ಮ ಕ್ರೀ ಜನರ ಮಾತಲ್ಲಿ ಅಜ್ಜಿ. ಐವತ್ತೆಂಟರ ಡೆಲ್ಫೀನ್ ಈ ರೈಲು ಹತ್ತುವ ಎಲ್ಲ ಮಕ್ಕಳಿಗೂ, ಅವರ ತಾಯಂದಿರಿಗೂ ಕೋಕುಮ್ಮೇ.

ವಾಪೋಸ್ ಲೇಕ್ ಹಳ್ಳಿಗೆ ರಸ್ತೆಯಿಲ್ಲ. ಹೆರಿಗೆಗೆ, ಹಲ್ಲುನೋವಿಗೆ, ಕನ್ನಡಕಕ್ಕೆ ಎಂದು ಪಟ್ಟಣಕ್ಕೆ ಹೋದವರು ಮಕ್ಕಳನ್ನೂ ತಿಂಗಳ ಸಾಮಾನನ್ನೂ ಕಟ್ಟಿಕೊಂಡು ಈ ರೈಲಿನಲ್ಲೇ ಮರಳಬೇಕು. ಹಿಟ್ಟಿನ ಮೂಟೆ, ಡೈಪರ್ ಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ, ಹಾಸಿಗೆ, ಒಮ್ಮೊಮ್ಮೆ ಸೋಫಾ ಕೂಡ. ಅದನ್ನೆಲ್ಲ ಹತ್ತಿಸಿ ಇಳಿಸುವುದು ಡೆಲ್ಫೀನ್ ಅವರ ಕೆಲಸ. ಮಕ್ಕಳ ಜವಾಬ್ದಾರಿಯನ್ನು ಯಾರೂ ಅವರಿಗೆ ವಹಿಸಿಲ್ಲ, ತಾವೇ ಮೈಮೇಲೆ ಹಾಕಿಕೊಂಡಿದ್ದಾರೆ.

ಅದಕ್ಕೊಂದು ಕಾರಣವಿದೆ. ಗಂಡ ಆಲ್ಫೋನ್ಸ್ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಡೆಲ್ಫೀನ್‌ಗೆ ಇನ್ನೂ ಚಿಕ್ಕ ವಯಸ್ಸು. ಇಬ್ಬರು ಹೆಣ್ಣುಮಕ್ಕಳು ಮತ್ತು ಗಂಡನ ಬಟ್ಟೆಯ ಗಂಟುಗಳೊಂದಿಗೆ ಒಬ್ಬರೇ ಊರಿಗೆ ಮರಳಿದ್ದರು. "ಗಂಟೆಲ್ಲ ಇಳಿಸಿದೆ, ದೊಡ್ಡವಳನ್ನ ಇಳಿಸಿದೆ. ಚಿಕ್ಕವಳನ್ನ ಎತ್ಕೊಳ್ಳೋಕೆ ತಿರುಗಿದ್ರೆ ರೈಲು ಹೊರಟೇ ಬಿಡ್ತು. ಕಿಟಕಿಗೆ ಮುಖ ಒತ್ತಿಕೊಂಡು ಅಳ್ತಾ ಇದ್ದಾಳೆ. ಹಳಿ ಪಕ್ಕ ಕಿರುಚ್ತಾ ಓಡಿದೆ." ತಿರುವಿನಲ್ಲಿ ಚಾಲಕನ ಕಣ್ಣಿಗೆ ಬಿದ್ದರು, ರೈಲು ನಿಂತಿತು. ಮರುವರ್ಷ ರೈಲಿನಲ್ಲಿ ಕೆಲಸ ಖಾಲಿಯಿದೆ ಎಂದು ತಿಳಿದದ್ದೇ ಹೋಗಿ ಸೇರಿಕೊಂಡರು. ಈಗ ಕೊನೆಯ ಮಗು ಇಳಿಯುವವರೆಗೆ ಅವರು ಹೊರಡಲು ಚಾಲಕನಿಗೆ ಕೈ ಬೀಸುವುದಿಲ್ಲ.

ಈ ರೈಲುದಾರಿಯಲ್ಲಿ ವರ್ಷಗಳಿಂದ ಓಡಾಡುವ ನಾವು ಅವರ ಬಗ್ಗೆ ಮಾತು ಬಂದಾಗಲೆಲ್ಲ ನೆನೆಯುವುದು ಮೂರು ಚಳಿಗಾಲದ ಹಿಂದಿನ ಒಂದು ಮಧ್ಯಾಹ್ನವನ್ನು. ಹಿಮದ ಭಾರಕ್ಕೆ ಪೈನ್ ಮರವೊಂದು ಹಳಿಯ ಮೇಲೆ ಉರುಳಿತ್ತು. ರೈಲು ಅದಕ್ಕೆ ಬಡಿದು ಎಂಜಿನ್ ಕೆಟ್ಟುನಿಂತಿತು. ಅದರೊಂದಿಗೆ ಬೋಗಿಗೆ ಬರುತ್ತಿದ್ದ ಶಾಖವೂ ನಿಂತಿತು. ಹೊರಗೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ, ಒಳಗೆ ತುಂಬ ಮಕ್ಕಳು. ರೋಶೆಲ್ ಮೆರಾಸ್ಟಿಯ ಮಡಿಲಲ್ಲಿ ಅದೇ ವಾರ ಹುಟ್ಟಿದ ಗಂಡುಕೂಸು.

"ಮಗು ಮೊದಲು ಅಳ್ತಿತ್ತು. ಆಮೇಲೆ ಅಳು ನಿಂತೋಯ್ತು. ಆಗ ನನ್ನ ಜೀವ ಬಾಯಿಗೆ ಬಂತು," ಎನ್ನುತ್ತಾಳೆ ರೋಶೆಲ್.

ಡೆಲ್ಫೀನ್ ಗಟ್ಟಿಯಾಗಿ ಕೂಗಿದರು: "ಕೈಕಾಲು ಆಡೋರೆಲ್ಲ ಏಳಿ! ಸಾಮಾನೆಲ್ಲ ಒಳಗೆ ಬರಲಿ!" ಸಾಮಾನು ಬೋಗಿಯಿಂದ ಮೂಟೆ, ಪೆಟ್ಟಿಗೆಗಳು ಕೈಯಿಂದ ಕೈಗೆ ಬಂದವು. ಕಿಟಕಿಗಳಿಗೆ ಡೈಪರ್ ಪೆಟ್ಟಿಗೆ ಅಡ್ಡ ಇಟ್ಟರು. ಬೋಗಿಯ ನಡುವೆ ಹಿಟ್ಟಿನ ಮೂಟೆಗಳ ಗೋಡೆ ಎದ್ದಿತು, ಒಳಗೆ ಹಾಸಿಗೆಗಳು ಬಿದ್ದವು. ಮಕ್ಕಳು ಗುಬ್ಬಚ್ಚಿಗಳಂತೆ ಒತ್ತಿಕೊಂಡು ಕೂತರು. ಕೂಸಿಗೆ ಮಾತ್ರ ಬೆಚ್ಚನೆಯದು ಇನ್ನೂ ಬೇಕಿತ್ತು. ಅದೇ ಬೋಗಿಯಲ್ಲಿ ಕೂತಿದ್ದ ವೃದ್ಧ ಆಂಬ್ರೋಸ್ ಅವರ ತೊಡೆಯ ಮೇಲೆ ಹಗ್ಗ ಬಿಗಿದ ಹೊಸ ಕೌದಿಯಿತ್ತು.

"ಅದು ಮೊಮ್ಮಗಳ ಮದುವೆಗೆ. ಮುಟ್ಟಬೇಡ," ಎಂದರು ಅವರು.

"ಮಾವ, ಮದುವೆ ಊಟಕ್ಕೆ ಈ ಕೂಸೂ ಬರಬೇಕಲ್ವಾ?" ಎಂದರು ಡೆಲ್ಫೀನ್.

ಆಂಬ್ರೋಸ್ ಜೇಬಿನಿಂದ ಚಾಕು ತೆಗೆದು ತಾವೇ ಹಗ್ಗ ಕೊಯ್ದರು.

ರೈಲು ಬಾರದ್ದನ್ನು ಕಂಡು, ಹೊತ್ತು ಮುಳುಗುವ ಮುಂಚೆ ಹಳ್ಳಿಯ ಗಂಡಸರು ಹಿಮಬಂಡಿಗಳಲ್ಲಿ ಬಂದರು. ಮೂಟೆ ಸರಿಸಿ ನೋಡಿದರೆ ಕೂಸು ತಾಯಿಯ ಎದೆಗೆ ಕಚ್ಚಿಕೊಂಡು ಹಾಲು ಕುಡಿಯುತ್ತಿತ್ತು. ಕೌದಿಯ ಮೇಲೆ ಹಾಲಿನ ಕಲೆ ಉಳಿಯಿತು. ಮದುವಣಗಿತ್ತಿ ಅದನ್ನು ಒಗೆಯಲು ಬಿಡಲೇ ಇಲ್ಲವಂತೆ.

ಆ ದಿನ ಡೆಲ್ಫೀನ್ ಕೈಗವಸನ್ನು ಒಬ್ಬ ಹುಡುಗಿಗೆ ಕೊಟ್ಟು, ತೆರೆದ ಬಾಗಿಲಲ್ಲಿ ಬರಿಗೈಯಲ್ಲಿ ಸಾಮಾನು ಎಳೆದಿದ್ದರು. ಎರಡು ಬೆರಳಿನ ತುದಿ ಹಿಮಕ್ಕೆ ಸತ್ತು ಹೋಯಿತು. ಕೇಳಿದರೆ ಕೈಯನ್ನು ಕೋಟಿನೊಳಗೆ ತೂರಿಸುತ್ತಾರೆ. "ಬಟ್ಟೆ ಮೇಲೆ ಮಣಿ ಹೊಲಿಯೋಕೆ ಸ್ವಲ್ಪ ಕಷ್ಟ. ಮೂಟೆ ಎತ್ತೋಕೆ ಬೆರಳ ತುದಿ ಯಾಕೆ ಬೇಕು?"

ರೈಲು ಈಗ ಕಾಡು ದಾಟುತ್ತಿದೆ. ಮೂಟೆಯ ಮೇಲೆ ಕೂತು ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುವ ಡೆಲ್ಫೀನ್ ಬರುವ ವಸಂತಕ್ಕೆ ನಿವೃತ್ತರಾಗುತ್ತಾರೆ. ಆಮೇಲೆ ಏನು ಆಸೆ ಎಂದರೆ ಸ್ವಲ್ಪ ನಾಚಿಕೊಳ್ಳುತ್ತಾರೆ.

"ಒಂದು ಸಲ ಟಿಕೆಟ್ ತಗೊಂಡು ಈ ರೈಲಲ್ಲೇ ಹೋಗ್ಬೇಕು. ಕಿಟಕಿ ಪಕ್ಕ, ಕೈಯಲ್ಲಿ ಏನೂ ಇಲ್ಲದೆ. ಇಷ್ಟು ವರ್ಷ ಓಡಾಡಿದ್ರೂ ದಾರಿಯ ಕೆರೆಗಳನ್ನ ಸರಿಯಾಗಿ ನೋಡೇ ಇಲ್ಲ ನಾನು." ಬೋಗಿಯ ಆಚೆ ಯಾರದೋ ಮಗು ರಚ್ಚೆ ಹಿಡಿಯುತ್ತದೆ. ಡೆಲ್ಫೀನ್ ಲೋಟ ಕೆಳಗಿಟ್ಟು ಏಳುತ್ತಾರೆ. "ಆದ್ರೆ ಯಾರಾದ್ರೂ ಕೂಸನ್ನ ಎತ್ಕೊಳ್ಳಿ ಅಂದ್ರೆ ಎತ್ಕೊಳ್ಳೋದೇ. ಕೆರೆ ಎಲ್ಲಿಗೆ ಹೋಗುತ್ತೆ, ಇನ್ನೊಂದು ಸಲ ನೋಡಿದ್ರಾಯ್ತು."