ದೇಸಾಯರ ಅಜ್ಜಿಯ ಎಡಗೈ

೧೯೮೦ರ ಆಸುಪಾಸು. ಹುನಗುಂದದ ಹತ್ತಿರದ ಒಂದು ವಾಡೆಗೆ ನನ್ನನ್ನು ಕರೆಸಿದ್ದು ಹಳೇ ತೈಲಚಿತ್ರವೊಂದನ್ನು ರಿಪೇರಿ ಮಾಡಲಿಕ್ಕೆ. ಚಿತ್ರದಲ್ಲಿ ಮನೆಯ ಯಜಮಾನರಾದ ದೇಸಾಯರ ಅಜ್ಜಿ, ಇಳಕಲ್ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಾರೆ. ಎಡಗೈ ಮಾತ್ರ ಮೈಯಿಂದ ದೂರ ಚಾಚಿ ಸೆಟೆದುಕೊಂಡಿದೆ.

"ಆ ಕೈ ಮುರದಂಗ ಕಾಣತೈತಿ. ಸರಿ ಮಾಡ್ರಿ" ಅಂದರು ದೇಸಾಯರು.

ನನಗೂ ಹಾಗೇ ಅನಿಸಿತ್ತು. ಆ ಕಲಾವಿದನಿಗೆ ಮೊಣಕೈ ಬರೆಯಲು ಬಂದಿಲ್ಲ ಅಂದುಕೊಂಡು ಬಣ್ಣ ಕಲಸತೊಡಗಿದೆ.

ಅಷ್ಟರಲ್ಲಿ ಮನೆಮಗಳ ಮದುವೆ ಸೀರೆ ಕೊಡಲು ಬಂದಿದ್ದ ಇಳಕಲ್ಲಿನ ಮುದಿ ನೇಕಾರರೊಬ್ಬರು ಚಿತ್ರದ ಮುಂದೆ ನಿಂತರು. ಅವರು ಅಜ್ಜಿಯ ಮುಖ ನೋಡಲೇ ಇಲ್ಲ. ಮಸಿ ಹಿಡಿದಿದ್ದ ಸೆರಗನ್ನೇ ನೋಡುತ್ತ, "ಕೈ ಮುಟ್ಟಬ್ಯಾಡ್ರಿ. ಮೊದಲ ಸೆರಗು ಒರಸ್ರಿ" ಅಂದರು.

ಒರೆಸಿದೆ. ದೀಪದ ಹೊಗೆಯ ಕೆಳಗಿಂದ ಕೆಂಪು ಸೆರಗು, ಅದರಲ್ಲಿ ನೇಯ್ದ ಬಿಳಿ ತೆನೆಗಳ ಸಾಲು ಒಂದೊಂದಾಗಿ ಎದ್ದುಬಂದವು. ಚಾಚಿದ ತೋಳಿನ ಮೇಲೆ ಸೆರಗು ಪೂರ್ತಿ ಹರಡಿಕೊಂಡಿತ್ತು.

"ಕೈ ಇಳಿಸಿದ್ರ ತೆನಿ ಎಲ್ಲಾ ಮಡಿಕ್ಯಾಗ ಮುಚ್ಚಿ ಹೋಗ್ತಾವು. ಇಂಥಾ ಸೀರಿ ಉಟ್ಟವ್ರು ಯಾಕ ಮುಚ್ಚಿಕೋತಾರ್ರಿ?" ಅಂದರು ಮುದುಕರು.

ದಿನಗಟ್ಟಲೆ ತೋಳೆತ್ತಿ ಕೂತಿರಬೇಕಾದ ಆ ಅಜ್ಜಿಗೂ, ಒಂದು ತೆನೆಯನ್ನೂ ಬಿಡದೆ ಬರೆದ ಆ ಕಲಾವಿದನಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಸಂಜೆ ದೇಸಾಯರು ಬಂದು ಬಹಳ ಹೊತ್ತು ನೋಡಿದರು. "ಈಗ ನೋಡ್ರಿ, ಕೈ ಸರಿ ಆತು. ಭಾಳ ತ್ರಾಸ ಆಗಿರಬೇಕು ನಿಮಗ."

"ಹೌದ್ರಿ" ಅಂದೆ. ಬಣ್ಣ ಕಲಸಿಟ್ಟುಕೊಂಡು ಸುಮ್ಮನೆ ಕೂರುವುದು ನನ್ನ ಕಸುಬಿನಲ್ಲಿ ಖರೆ ತ್ರಾಸಿನ ಕೆಲಸ.