ಹೊಳೆನೀರು ಹೊಕ್ಕ ಕಾರು

ಬಾಳು, ಕಾರು ಚಾಲೂ ಮಾಡಿದವಳು ನಾನು. ನೀನಲ್ಲ — ನಿಮ್ಮಣ್ಣನ ಹೆಂಡತಿ, ನಿನ್ನ ವೈನಿ. ನೀರು ಹೊಕ್ಕಿದ್ದ ಗಾಡಿಯ ಕೀಲಿ ತಿರುವಿ ಎಂಜಿನ್ ಕೆಡಿಸಿದ್ದು ನಾನು. ಎರಡು ವರ್ಷ ಆ ಮಾತನ್ನು ನಿನ್ನ ಮೇಲೆ ಬಿಟ್ಟು ಬಾಯಿ ಮುಚ್ಚಿಕೊಂಡಿದ್ದೂ ನಾನೇ.

ಆ ವರ್ಷ ಕೃಷ್ಣೆಯ ನೀರು ನಮ್ಮೂರು ದಿಗ್ಗೇವಾಡಿಯ ಕಬ್ಬು ದಾಟಿ ಕಾರು ನಿಂತಿದ್ದ ಶೆಡ್ಡಿಗೂ ಬಂದಾಗ ನಾವೆಲ್ಲ ರಾಯಬಾಗದಲ್ಲಿ, ನನ್ನ ತವರಿನಲ್ಲಿದ್ದೆವು. ನೀರಿಳಿದ ಮೇಲೆ ಮೊದಲು ಹೋಗಿ ಕಾರು ನೋಡಿ ಬಂದವನು ನೀನು. ಸೀಟಿನ ತನಕ ರಾಡಿ ಅಂದೆ. "ವೈನಿ, ಮಿಸ್ತ್ರಿ ಬರೂತನಕ ಯಾರೂ ಕೀಲಿ ಮುಟ್ಟಬ್ಯಾಡ್ರಿ. ಎಂಜಿನ್‌ದಾಗ ನೀರ ಹೊಕ್ಕೈತಿ, ಚಾಲೂ ಮಾಡಿದ್ರ ಮುರೀತೈತಿ."

ಕೇಳಿಸಿಕೊಂಡೆ. ಕೇಳಿಸಿಕೊಂಡೂ — ಮರುದಿನ ನಾವು ಊರಿಗೆ ಮರಳಿದೆವು, ಅಂದು ಅಮವಾಸ್ಯೆ. ಕಾರು ಬಂದಂದಿನಿಂದ ಒಂದು ಅಮವಾಸ್ಯೆಯೂ ಅದರ ಪೂಜೆ ತಪ್ಪಿಸಿದವಳಲ್ಲ ನಾನು. ಇಷ್ಟು ದೊಡ್ಡ ಗಂಡಾಂತರ ಕಳೆದ ಮೇಲಂತೂ ತಪ್ಪಿಸಬಾರದು ಅನ್ನಿಸಿತು. ನೀನೂ ನಿಮ್ಮಣ್ಣನೂ ಹೊಲದ ಪಂಪ್‌ಸೆಟ್ ನೋಡಲು ಹೋಗಿದ್ದಿರಿ. ಬಾನೆಟ್ಟಿನ ರಾಡಿ ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮುಂದಿನ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟೆ. ಅವುಗಳ ಮೇಲೆ ಗಾಲಿ ಹಾಯದೆ ಪೂಜೆ ಮುಗಿಯುವುದು ಹೇಗೆ? ಗೇಣುದ್ದ ಮುಂದೆ ಹೋದರೆ ಸಾಕು ಅಂದುಕೊಂಡೆ. ಗಾಡಿ ಓಡಿಸಲು ಬಾರದ ನನಗೆ ಕೀಲಿ ತಿರುವುವುದಷ್ಟು ಗೊತ್ತಿತ್ತು. ತಿರುವಿದೆ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಒಂದೇ ಸಪ್ಪಳ — ಆಮೇಲೆ ಏನೂ ಇಲ್ಲ.

ಲಿಂಬೆಹಣ್ಣು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ. ಕಾಯಿಯ ಚೂರು ಆಯ್ದೆ. ಕುಂಕುಮ ಒರೆಸಿದೆ. ನೋಡು, ಒರೆಸಿದೆ. ತಪ್ಪು ಮಾಡಿದ್ದು ಆಗಲೇ ನನಗೆ ಗೊತ್ತಿತ್ತು.

ಇನ್ಶುರನ್ಸ್ ಕಂಪನಿಯ ಸರ್ವೇಯರ್ ಎಂಜಿನ್ ಬಿಚ್ಚಿಸಿ ನೋಡಿ, "ನೀರ ಹೊಕ್ಕ ಮ್ಯಾಲ ಚಾಲೂ ಮಾಡ್ಯಾರ್ರಿ. ಎಂಜಿನ್ ಖರ್ಚ ಕಂಪನಿ ಕೊಡೂದಿಲ್ಲ," ಎಂದ. ಯಾರು ಮಾಡಿದರು? ಮನೆಯಲ್ಲಿ ಗಾಡಿ ಓಡಿಸುವವರು ಇಬ್ಬರೇ. ಮೊದಲು ಹೋಗಿ ನೋಡಿದವನು ನೀನು. ನಿಮ್ಮಣ್ಣ ನಿನ್ನತ್ತ ತಿರುಗಿದರು. ನಾನು ಸರ್ವೇಯರನ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದೆ — ಹಾಕುತ್ತಲೇ ಇದ್ದೆ. ಎಲ್ಲ ನೆನಪಿಟ್ಟುಕೊಳ್ಳುವವಳು, ಎಂದೂ ಕೈತಪ್ಪದವಳು ಅಂತ ಮನೆಯಲ್ಲಿ ನನಗೊಂದು ಹೆಸರಿತ್ತಲ್ಲ, ಅದನ್ನು ಉಳಿಸಿಕೊಂಡೆ.

ನಿನ್ನ ಹೆಸರು ಹೋಯಿತು. ಹಾಲಿನ ಡೇರಿಯಲ್ಲಿ ಗಂಡಸರು, "ಬಾಳಾಸಾಹೇಬ್ರು ಬಂದ್ರಪಾ, ನಿಮ್ಮ ನಿಮ್ಮ ಗಾಡಿ ಕೀಲಿ ಕಿಸೇದಾಗ ಇಟ್ಕೋರಿ," ಎಂದು ನಗುತ್ತಾರೆ. ನೀನೂ ನಗುತ್ತೀಯಂತೆ. ಆದರೆ ಆಗಿನಿಂದ ನೀನು ಹೊಲದ ಮನೆಯಲ್ಲೇ ಉಳಿದೆ.

ನಿಮ್ಮಣ್ಣ ನನ್ನ ಹೆಸರಿನಲ್ಲಿ ಕಂಪನಿಯ ಮೇಲೆ ಗ್ರಾಹಕರ ಕೋರ್ಟಿಗೆ ಹೋದರು. ಗಾಡಿ ಚಾಲೂ ಮಾಡಿಲ್ಲ ಎಂದು ನೀನು ಸಾಕ್ಷಿ ಹೇಳಬೇಕಿತ್ತು. ಕಳೆದ ವಾರ ನಿನ್ನನ್ನು ಊಟಕ್ಕೆ ಕರೆದು, "ಸುಳ್ಳಾದ್ರೂ ಪ್ರಮಾಣ ಮಾಡ್ಲೇ, ಕೆಡಿಸಿದಾಂವ ನೀನ," ಎಂದರು.

ನೀನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. "ಮಾಡ್ತೇನಿ ಅಣ್ಣಾ. ನಾ ಖರೇನ ಮುಟ್ಟಿಲ್ಲ. ಕೋರ್ಟಿನಾವ್ರು ನಂಬ್ತಾರ, ನೀ ನಂಬಂಗಿಲ್ಲ."

ನೀನು ಹೋದ ಮೇಲೆ ಅವರಿಗೆ ಎಲ್ಲ ಹೇಳಿದೆ. ಎದ್ದು ಹೋಗಿ ಬಾಗಿಲು ಮುಚ್ಚಿದರು. ಆಮೇಲೆ, "ಯಾರಿಗೂ ಗೊತ್ತಿಲ್ಲಲಾ, ಸುಮ್ಕಿರು. ಗೆಲ್ಲೂ ಕೇಸ್ ಐತಿ," ಎಂದರು.

"ಬಾಳೂಗ ಗೊತ್ತಾಗ್ಬೇಕ್ರಿ," ಎಂದೆ.

ಗಾಡಿಯೂ ಕೇಸೂ ನನ್ನ ಹೆಸರಿನಲ್ಲೇ ಇವೆ. ನಿನ್ನೆ ಬಸ್ಸು ಹತ್ತಿ ಚಿಕ್ಕೋಡಿಯ ಕಂಪನಿ ಆಫೀಸಿಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದೆ. ಸೀಟು, ವೈರಿಂಗಿನ ಖರ್ಚು ಕೊಡುತ್ತಾರೆ; ಎಂಜಿನ್ನಿನದು ಇಲ್ಲ. ಒಪ್ಪಿ ಸಹಿ ಮಾಡಿದೆ. ಕೇಸು ಹಿಂದಕ್ಕೆ ತೆಗೆಯಲು ವಕೀಲರಿಗೂ ತಿಳಿಸಿದೆ. "ಮೊದಲ ಹೇಳಿದ್ರ ಆವಾಗನ ಮುಗೀತಿತ್ತಲ್ರಿ ಅಕ್ಕಾರ," ಎಂದ ಅಲ್ಲಿಯ ಅಧಿಕಾರಿ. ಹೌದು, ಮುಗಿಯುತ್ತಿತ್ತು.

ಕಂಪನಿಯದು ಮುಗಿಯಿತು, ನಿನ್ನದು ಮುಗಿದಿಲ್ಲ. ನಾಳೆ ಬೆಳಿಗ್ಗೆ ಡೇರಿಗೆ ಹಾಲು ನಾನೇ ತರುತ್ತೇನೆ. ಎಲ್ಲರೂ ಸಾಲಿನಲ್ಲಿ ನಿಂತಿರುವಾಗ ಹೇಳುತ್ತೇನೆ. ನಿಮ್ಮಣ್ಣ ಬರುವುದಿಲ್ಲ ಅಂದಿದ್ದಾರೆ. ಬರದಿದ್ದರೂ ಹೇಳುತ್ತೇನೆ. ನೀನು ನನ್ನ ಮರ್ಯಾದೆ ಉಳಿಸಲು ನಡುವೆ ಏನೋ ಅನ್ನಲು ಹೋಗುತ್ತೀಯ, ಗೊತ್ತು ನನಗೆ — ಅನ್ನಬೇಡ. ನಾನು ಪೂರ್ತಿ ಹೇಳುವವರೆಗೆ ಸುಮ್ಮನೆ ನಿಂತಿರು.